ಕಾಡವ್ವನ ಎಪ್ಪತ್ತೆರಡು

ಇದು ಪಕ್ಕದ ಮನೆಯ ಸಂಜಯನಿಗೆ ಆದದ್ದು. ಅವನ ಬಾಯಿಂದಲೇ ಕೇಳಿದ್ದು.

ಹೋದ ಚಳಿಗಾಲ. ಬೆಳಗಾವಿಯಿಂದ ಬರುವ ರೈಲು ತಡವಾಗಿತ್ತು. ಅಲ್ಲಿನ ಟಿಳಕವಾಡಿಯ ಆಫೀಸು ಮುಗಿಸಿ ಸಂಜಯ ಖಾನಾಪುರದಲ್ಲಿ ಇಳಿದಾಗ ರಾತ್ರಿಯಾಗಿತ್ತು. ನಮ್ಮ ಓಣಿಗೆ ಬರಲು ಹಳೆಯ ಬಾವಿ ದಾಟಬೇಕು. ಅಲ್ಲಿ ದೀಪವಿಲ್ಲ.

ಬಾವಿಯ ಹತ್ತಿರ ಉಸಿರು ಕೇಳಿಸಿತು. ಹ್ಞುಸ್... ಹ್ಞುಸ್... ಹ್ಞುಸ್... ಗಿಡ್ಡ ಉಸಿರು, ಓಡಿ ಬಂದವರದ್ದರಂತೆ. ಓಡಿ ಬಂದವರ ಉಸಿರು ಸ್ವಲ್ಪ ಹೊತ್ತಿಗೆ ತಗ್ಗುತ್ತದೆ. ಇದು ತಗ್ಗಲಿಲ್ಲ. ಜೊತೆಗೆ ಚರ್... ಚರ್... ಪ್ಲಾಸ್ಟಿಕ್ ಮುದುಡುವ ಸಪ್ಪಳ.

"ಸಂಜ್ಯಾ..."

ಅದು ಕಾಡವ್ವನ ದನಿ. ಕಾಡವ್ವ ಸತ್ತು ವರ್ಷಗಳಾಗಿದ್ದವು.

ಹಿಂದಿನದು ಹೇಳಬೇಕು. ಕಾಡವ್ವ ಅವನ ದೊಡ್ಡವ್ವ. ತಾಯಿಯಿಲ್ಲದ ಅವನನ್ನು ಸಾಕಿದವಳು. ಅರವತ್ತು ದಾಟಿತ್ತು. ದಪ್ಪ ಮೈ, ಸಕ್ಕರೆ ಕಾಯಿಲೆ, ಬಿಪಿ. ಕೊರೊನಾದ ಎರಡನೆಯ ಅಲೆಯಲ್ಲಿ ಇಬ್ಬರಿಗೂ ಹತ್ತಿತು. ಸಂಜಯ ಜ್ವರಕ್ಕೆ ನರಳಿದ, ಓಣಿಗೆಲ್ಲ ಕೇಳುವಂತೆ ಕೆಮ್ಮಿದ. ಅವಳು ಚಹಾ ಕುಡಿಯುತ್ತ ಕೂತಿದ್ದಳು. ತುಟಿ ಮಾತ್ರ ನೇರಳೆಯಾಗಿತ್ತು.

"ಗಂಡಸಾಗಿ ಇಷ್ಟಕ್ಕ ಅಳತಿಯೇನೋ, ಬಾಡ್ಯಾ?" ಎಂದು ನಕ್ಕಳು.

ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದ. ಅವನದು ತೊಂಬತ್ತಾರು. ಅವಳದು ಎಪ್ಪತ್ತೆರಡು.

ಆ ಜಡ್ಡೇ ಹಾಗೆ. ಒಳಗೆ ಮುಗಿಯುತ್ತ ಬಂದವರೂ ನಕ್ಕು ಮಾತಾಡುತ್ತಾರೆ. ವಯಸ್ಸು, ಸಕ್ಕರೆ, ಮೈಭಾರ ಇದ್ದವರನ್ನು ಬೇಗ ಹಿಡಿಯುತ್ತದೆ. ಸಂಜಯನಿಗೆ ಇದು ಗೊತ್ತಿತ್ತು. ಬೆಳಗಾವಿಯಲ್ಲಿ ಒಂದೇ ಬೆಡ್ ಖಾಲಿ ಇದೆ ಎಂಬುದೂ ಗೊತ್ತಿತ್ತು.

ಆಸ್ಪತ್ರೆಗೆ ಫೋನ್ ಮಾಡಿದ. ಅಲ್ಲಿಂದ ಕೇಳಿದರು.

"ಆಕ್ಸಿಜನ್ ಎಷ್ಟೈತ್ರಿ?"

"ಎಪ್ಪತ್ತೆರಡ್ರಿ."

"ಯಾರದು?"

"ನಂದ್ರಿ."

"ಮನ್ಯಾಗ ಮತ್ತ್ಯಾರಿಗರೆ ತ್ರಾಸ ಐತೇನ್ರಿ? ವಯಸ್ಸಾದವ್ರು, ಶುಗರ್ ಇದ್ದವ್ರು?"

"ಯಾರೂ ಇಲ್ರಿ."

ಕಾಡವ್ವ ಅಲ್ಲೇ ಕೂತು ಕೇಳಿಸಿಕೊಂಡಳು. ಗಾಡಿ ಬಂತು. ಅವನನ್ನು ಒಯ್ಯಿತು. ಆಸ್ಪತ್ರೆಯವರು ನೋಡಿದಾಗ ತೊಂಬತ್ತಾರು. ದಾರಿಯಲ್ಲಿ ಕೊಟ್ಟ ಆಕ್ಸಿಜನ್ನಿಗೆ ಏರಿದೆ ಎಂದುಕೊಂಡು ಇಟ್ಟುಕೊಂಡರು.

ಸಂಜೆ ನಾನು ಗಂಜಿ ಒಯ್ದು ಹೊಸ್ತಿಲಲ್ಲಿ ಇಟ್ಟೆ. ಒಳಗಿನಿಂದ ಕಾಡವ್ವ ಅಂದಳು, "ಯಣ್ಣಾ, ನನ್ನ ಉಸುರು ಅಂವ ಒಯ್ದಾನ. ನಾ ಬಿಡಾಕಿ ಅಲ್ಲ."

ಬೆಳಗಾಗುವಷ್ಟರಲ್ಲಿ ಗೋಡೆಗೆ ಒರಗಿ ಕೂತಲ್ಲೇ ತೀರಿಕೊಂಡಿದ್ದಳು. ನಮ್ಮವರಲ್ಲಿ ಹೆಣಕ್ಕೆ ಕಂಬಳಿ ಹೊದಿಸುತ್ತೇವೆ. ಅವಳಿಗೆ ಅದೂ ಸಿಗಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದರು.

ಈಗ ಬಾವಿಯ ಹತ್ತಿರದ ಮಾತು.

"ಬೆರಳ... ಕೊಡು."

"ದೊಡ್ಡವ್ವಾ, ತಪ್ಪಾತು..."

"ಬೆರಳ... ಕೊಡು."

ಕೈ ತಾನೇ ಮುಂದಾಯಿತು. ಟಕ್. ತಣ್ಣಗಿನದೇನೋ ಬೆರಳನ್ನು ಕಚ್ಚಿ ಹಿಡಿಯಿತು. ಕತ್ತಲಲ್ಲಿ ಕೆಂಪು ಅಂಕಿ ಹೊತ್ತಿತು.

"ಎಷ್ಟ... ಐತಿ?"

"ತೊಂಬತ್ತಾರು."

"ಯಾರದು?"

ಅವನು ಬೆರಳು ಎಳೆದುಕೊಳ್ಳಲು ನೋಡಿದ. ಹ್ಞುಸ್... ಹ್ಞುಸ್... ಉಸಿರು ಕಿವಿಯ ಹತ್ತಿರಕ್ಕೇ ಬಂತು.

"ಅವತ್ತ... ಲಗೂನ ಹೇಳಿದ್ದಿ. ಈಗ ಹೇಳು... ಯಾರದು?"

"ನಿಂದು... ದೊಡ್ಡವ್ವಾ."

ಟಕ್. ಬೆರಳು ಬಿಟ್ಟಿತು.

ಗಿಡ್ಡ ಉಸಿರು ನಿಂತಿತು. ಕತ್ತಲಲ್ಲಿ ಯಾರೋ ಒಂದು ಉದ್ದನೆಯ ಉಸಿರು ಎಳೆದುಕೊಂಡರು. ಎದೆ ತುಂಬ, ನಿಧಾನವಾಗಿ. ಆಮೇಲೆ ಚರ್... ಚರ್... ಸಪ್ಪಳ ಹೊಲದ ಕಡೆ ಹೋಯಿತು.

ಅವನು ಬಂದು ಬಡಿದದ್ದು ನನ್ನ ಬಾಗಿಲನ್ನು. ಒಳಗೆ ಕೂರಿಸಿದೆ. ಎಲ್ಲ ಹೇಳಿದ. ಫೋನಿನ ಮಾತೂ ಹೇಳಿದ. ಸಮಾಧಾನ ಹೇಳುವ ಮನಸ್ಸು ನನಗಾಗಲಿಲ್ಲ.

ಬೆಳಗಾವಿಯ ಡಾಕ್ಟರರು ಎದೆಯ ಫೋಟೋ ತೆಗೆದರು. ಏನೂ ಇಲ್ಲ ಎಂದರು. ಊಟ ಮಾಡುತ್ತಾನೆ. ಆಫೀಸಿಗೆ ಹೋಗುತ್ತಾನೆ.

ನಾನು ಸುಳ್ಳು ಹೇಳುವವನಲ್ಲ, ಓಣಿಯಲ್ಲಿ ಯಾರನ್ನಾದರೂ ಕೇಳಿ. ಚಳಿಗಾಲದ ಮುಂಜಾನೆ ಖಾನಾಪುರ ಸ್ಟೇಷನ್ನಿನಲ್ಲಿ ನಿಂತವರೆಲ್ಲರ ಬಾಯಿಂದ ಹಬೆ ಏಳುತ್ತದೆ. ಸಂಜಯನ ಬಾಯಿಂದ ಏಳುವುದಿಲ್ಲ. ಎದುರಿಗೆ ನಿಂತು, ಮಾತಾಡಿಸಿ ನೋಡಿದ್ದೇನೆ.