ಮರಳುಗಾಡಿನಲ್ಲಿ ಎರಡು ತೊಟ್ಟು ನೀರು

ಏರ್‌ಪೋರ್ಟ್ ಬಸ್ಸು ಹುಣಸಮಾರನಹಳ್ಳಿ ದಾಟುವ ಹೊತ್ತಿಗೆ ಮುಂದಿನ ಸೀಟಿನ ತಾಯಿ ಮಗಳ ಮಾತು ಬೇಡವೆಂದರೂ ಭಾಗ್ಯಶ್ರೀಯ ಕಿವಿಗೆ ಬೀಳುತ್ತಿತ್ತು. ಟೂರಿನವರು ಕೊಟ್ಟ ಟೋಪಿ ತಾಯಿಯ ತಲೆ ಮೇಲೆ ಇನ್ನೂ ಇತ್ತು.

“ಆ ಸಿನಿಮಾ ಊರಿನ ಇಸ್ಯ ಮನೇಲಿ ಯೇಳ್ಬೇಡ ಕಣೇ,” ಅಂದಳು ತಾಯಿ.

“ಯಾಕಮ್ಮ? ಕೌಬಾಯ್ ಸೆಟ್ ಚೆನ್ನಾಗೇ ಇತ್ತಲ್ಲ.”

“ನಾನು ಆ ಬಿದ್ದೋನ ಬಾಯಿಗೆ ನೀರು ಬಿಟ್ಟಿದ್ದು.”

“ಅದು ಶೋ ಅಮ್ಮ. ಗುಂಡೂ ಸುಳ್ಳು, ಸತ್ತೋನೂ ಸುಳ್ಳು.”

“ಆ ಗಳಿಗೇಲಿ ಮರ್ತೋಯ್ತು. ಮರಳಲ್ಲಿ ಬಿದ್ದವ್ನೆ, ಒಬ್ರೂ ಅತ್ರ ಓಗ್ಲಿಲ್ಲ. ಸಾಯೋರ ಬಾಯಿಗೆ ಎರಡು ತೊಟ್ಟು ಬಿಡದೆ ಎಂಗಿರದು? ಪಾಪ, ಕಣ್ಣು ಬಿಡ್ದೇನೇ ನುಂಗ್ದ.”

“ಎಲ್ರೂ ನಕ್ರು.”

“ನಗ್ಲಿ ಬಿಡು. ಆಮೇಲೆ ಗೈಡು ಕೇಳಿದ್ನಲ್ಲ, ಈಯಮ್ಮನ ಜೊತೆ ಯಾರು ಬಂದಿದೀರಾ ಅಂತ.”

ಮಗಳು ಕಿಟಕಿ ಕಡೆ ತಿರುಗಿದಳು. “ನಾನು ಹಿಂದ್ಗಡೆ ಇದ್ದೆ. ಕೇಳಿಸ್ಲಿಲ್ಲ.”

“ನೀನು ನನ್ ಪಕ್ಕದಲ್ಲೇ ಇದ್ದೆ ಕಣವ್ವ. ನಿಂಗೆ ನಾಚ್ಕೆ ಆಯ್ತದೆ ಅಂತ ನಾನೇ ನಿನ್ ಕಡೆ ನೋಡ್ಲಿಲ್ಲ.”

ಕೊಡಿಗೇಹಳ್ಳಿ ಗೇಟ್ ಬಂತು. ತಾಯಿ ಕಂಬಿ ಹಿಡಿದು ಮೆಲ್ಲಗೆ ಎದ್ದಳು.

“ಅಜ್ಜಿ ಜೊತೇಲಿ ಯಾರಿದೀರಾ?” ಬಾಗಿಲಿಂದ ಕಂಡಕ್ಟರ್ ಕೂಗಿದ.

ತಾಯಿ ಹಿಂತಿರುಗಿ ನೋಡಲಿಲ್ಲ.

“ನಾನು,” ಅಂದಳು ಮಗಳು. ಭಾಗ್ಯಶ್ರೀಗೆ ಕೇಳಿಸಿತು, ಕಂಡಕ್ಟರ್‌ಗೆ ಕೇಳಿಸಲಿಲ್ಲ. ಯಾರೂ ಇಲ್ಲವೆಂದುಕೊಂಡು ಅವನೇ ಮುದುಕಿಯ ಕೈಹಿಡಿದು ಇಳಿಸಿದ. ಮಗಳು ಎರಡೂ ಬ್ಯಾಗು ಎತ್ತಿಕೊಂಡು ಹಿಂದೆ ಇಳಿದಳು.