ಗ್ವಾಡಿ ಆಚಿಗಿನ ಫ್ಯಾನ್

…ಅಲ್ರೀ ಮೋದಿನಸಾಬ್ರ, ನನ್ನ ಕೇಳಿದ್ರ ನಾ ಏನ್ ಹೇಳ್ಲಿ? ಯಾವ ಬಟನ್ ಯಾವ ಖೋಲಿಗೆ ಹೋಗೇತಿ ಅನ್ನೂದು ಆ ವೈರಿಂಗ್ ಮಾಡಿದಾಂವಗ ಗೊತ್ತು. ಅಂವ ಶಿವನ ಪಾದ ಸೇರಿ ಎಷ್ಟೋ ವರ್ಷಾತು. ಒಂದರ ಮ್ಯಾಲರೆ ಹೆಸರು ಬರದಾನೇನು ಪುಣ್ಯಾತ್ಮ? ನಾ ಬೀಜಾ-ಗೊಬ್ಬರ ಮಾರಾಂವ್ರಿ. ನರಗುಂದ ಪ್ಯಾಟ್ಯಾಗ ಯಾರನ್ನರೆ ಕೇಳ್ರಿ, ಗುರುಸಂಗಪ್ಪಗ ಕರೆಂಟಿನ ಗಂಧಗಾಳಿ ಗೊತ್ತಿಲ್ಲ ಅಂತಾರ.

ಏನಂದಾ ನಮ್ಮ ಬಸ್ಯಾ? ಖಾಸಾ ತಮ್ಮ ನೋಡ್ರಿ ನನಗ! ಅವ್ವನ ಖೋಲಿ ಫ್ಯಾನ್ ದಿನಾ ಮಧ್ಯಾಹ್ನ ತಾನ ನಿಲ್ತೈತಿ, ಆಮ್ಯಾಲೆ ತಾನ ತಿರಗ್ತೈತಿ, ಹಂಗಂದ್ನಾ? ಹೂಂ… ಅವ್ವ 'ಇರ್ಲಿ ಬಿಡೋ' ಅಂದ್ರೂ ನಿಮ್ಮನ್ನ ಕರಿಸ್ಯಾನಲ್ಲ, ಭಾಳ ಕಾಳಜಿ! ಅವನ ಕಡಿ ವೈರೆಲ್ಲಾ ಸುದ್ದ ಅದಾವಂತ ಈ ಕಡಿ ಬಂದ್ರಿ. ಬರ್ರಿ, ನೋಡ್ರಿ. ಬೋರ್ಡ್ ಇಲ್ಲೇ ಐತಿ. ಮುಚ್ಚಿಡೂದೇನೈತಿ?

ಹುಷಾರ್, ತಲಿ ಬಡಿಸ್ಕೊಂಡೀರಿ. ಆ ಗ್ವಾಡಿ ಹೊಸಾದು. ಇದು ನಮ್ಮಪ್ಪ ಕಟ್ಟಿಸಿದ ಪಡಸಾಲಿ ರೀ, ಮದಿವಿ ಪಂಕ್ತಿ ಕುಂದರ್ತಿತ್ತು ಇಲ್ಲೆ. ಈಗ ನಟ್ಟ ನಡುವ ಸಿಮೆಂಟ್ ಇಟ್ಟಂಗಿ! ಹಿರ್ಯಾರು ಕುಂತು ಹಂಚಿದ್ರು. ಹೊಲಾ ಹಂಚಿದ್ರು, ಕಾಳು ತುಂಬೂ ಹಗೇವು ಹಂಚಿದ್ರು, ಒಳ್ಳು-ಒನಕಿ ಹಂಚಿದ್ರು. ಕರೆಂಟ್ ಹಂಚೂದು ಒಬ್ಬಂವಗರೆ ನೆನಪಾತೇನು? ಬೋರ್ಡ್ ನನ್ನ ಪಾಲಿಗೆ ಬಂತು, ಅದರ ಅರ್ಧಾ ವೈರ್ ಅವನ ಪಾಲಿಗೆ ಹೋತು.

ಕಡೀಕ ಅವ್ವಗ ಕೇಳಿದ್ರು. 'ಗೌರವ್ವಾ, ಯಾರ ಕಡಿ ಇರ್ತೀಬೇ?' ಅಂತ. ನಾ ಹಿರೇಮಗ, ಅಕಿ ಮುಂದ ನಿಂತೀನಿ… ಅಕಿ ಬಸ್ಯಾನ ಕೈ ಹಿಡದ್ಲು. ಮಾತಿಲ್ಲ ಕತಿಯಿಲ್ಲ, ಕೈ ಹಿಡದು ಹೋಗೇಬಿಟ್ಲು! … ಹೋಗ್ಲಿ ಬಿಡ್ರಿ. ನಿಮ್ಮ ಕೆಲಸಾ ನೀವು ಮಾಡ್ರಿ.

ಏನು? ನೀವು ಇಲ್ಲಿ ಒಂದೊಂದ ಬಟನ್ ಇಳಸ್ತೀರಿ, ಯಾವುದು ಹೋತು ಅಂತ ಆ ಕಡಿಂದ ಒದರಿ ಹೇಳಬೇಕಾ? ಆತಲ್ಲ! ಅವರು ನನ್ನ ಜೋಡಿ ಮಾತಾಡೂದಿಲ್ಲ, ನಾನೂ ಆಡೂದಿಲ್ಲ. ಯಾಕ ನಗ್ತೀರಿ? … ತಾಟು? ಬಸ್ಯಾನ ಹೇಂತಿ ನಿರ್ಮಲಾ ತಾಟು ಬಡೀತಾಳಂತ? ಯಾವ ಖೋಲ್ಯಾಗ ಕರೆಂಟ್ ಹೋಗ್ತೈತಿ ಅಲ್ಲಿ ನಿಂತು? ಶಾಣ್ಯಾಕಿ! ಮಂದಿ ಮನ್ಯಾಗ ಕೂಸು ಹುಟ್ಟಿದ್ರ ತಾಟು ಬಡೀತಾರ, ನಮ್ಮ ಮನ್ಯಾಗ ಸಂಬಂಧ ಸತ್ತಿದ್ದಕ್ಕ ಬಡೀತಾರ. ಬಡೀಲಿ, ಇಳಸ್ರಿ.

ಟಣ್ಣಂತು. ಕೇಳಿಸ್ತಲಾ? ಅಡಗಿಮನಿ ಕಡಿಂದ ಬಂತು. ಬರದು ಅಂಟಸ್ರಿ. … ಇದು ಹೋತು ನೋಡ್ರಿ, ನಮ್ಮ ಕೂಲರ್. ಎಷ್ಟ ತಣ್ಣಗಾತು ಸದ್ದು! ಇರ್ಲಿ, ಎತ್ತಬ್ಯಾಡ್ರಿ, ನಿಮ್ಮ ಮಾತರೆ ಕೇಳಸ್ತಾವು. … ಇದು? ಟಣ್ ಟಣ್ ಟಣ್ ಟಣ್! ಸಾಕಬೇ ತಾಯಿ, ಕೇಳಸ್ತು, ನನ್ನ ನೆತ್ತಿ ಮ್ಯಾಲ ಬಡದಂಗ ಬಡೀತಾಳ. ಹಿತ್ತಲಾ. ಹಿತ್ತಲಾ ಅಂತ ಬರೀರಿ.

ಆ ಖೋಲ್ಯಾಗ ಏನ್ ನೋಡ್ತೀರಿ? ಹೊರಸು ರೀ. ಹೌದು, ಹೊಸಾ ಗಾದಿ. ಯಾರೂ ಮಲಗೂದಿಲ್ಲ. ಖಾಲಿ ಖೋಲಿಗೆ ಕೂಲರ್ ಯಾಕಂದ್ರ… ಇಡಬೇಕನಿಸ್ತು, ಇಟ್ಟೆ! ಯಾರಪ್ಪಂದೇನ ಹೋತು? ಆ ಮುದುಕಿಗೆ ಮೊನ್ನಿ ಸೆಕಿಗೆ ಚಕ್ಕರ್ ಬಂದು ಬಿದ್ಲಂತ, ದವಾಖಾನ್ಯಾಗ ಸಲೈನ್ ಹಚ್ಚಿದ್ರಂತ. ನನಗ ಯಾರ್ ಹೇಳಿದ್ರು? ತಮ್ಮ ಹೇಳಿದ್ನಾ? ಬಾಜೂಮನಿ ಶಂಕ್ರವ್ವನ ಬಾಯಿಂದ ಕೇಳಬೇಕಾತು! ಹೆತ್ತಾಕಿ ತಲಿ ಮ್ಯಾಲ ಒಂದು ಫ್ಯಾನ್ ನೆಟ್ಟಗ ತಿರಗಸಾಕ ಆಗದಾಂವ ಯಾಕ ಇಟ್ಕೋಬೇಕು? ಕಳಿಸ್ಲಿ ಈ ಕಡಿ. ಹೂವಿನಂಗ ನೋಡ್ಕೋತೀನಿ.

ಆ ತುದೀದಾ? ಅದು ಬ್ಯಾಡ್ರಿ. ಖಾಲಿ ಇರಬೇಕದು. ಬಿಡ್ರಿ, ಚಾ ಕುಡಿಯೂಣು ಬರ್ರಿ, ಹೊತ್ತಾತು… ಅಯ್ಯ, ಇಳಿಸೇಬಿಟ್ರ್ಯಾ?

ಎತ್ರಿ! ಲಗೂ ಎತ್ರಿ ಅಂತೀನಿ! ಅವ್ವ ಮಲಗಿರ್ತಾಳ, ಫ್ಯಾನ್ ನಿಂತಬಿಡ್ತು, ಈ ಝಳದಾಗ ಮತ್ತ ಚಕ್ಕರ್ ಬಂದ್ರ ಏನ್ ಮಾಡ್ತೀರಿ?

ಯಾಕ್ರೀ? … ಯಾಕ ಹಂಗ ನೋಡ್ತೀರಿ?

ತಾಟು ಬಡೀಲಿಲ್ಲೇನು? ಬಡದ್ಲಲ್ಲ… ನಿಮಗ ಕೇಳಿಸ್ಲಿಲ್ಲ. ಸಣ್ಣಗ ಬಡದ್ಲು… ಇಲ್ಲ, ಅಕಿ ಇನ್ನೂ ಹಿತ್ತಲದಾಗ ಅದಾಳ. ಹೌದು. ಬಡದಿಲ್ಲ. … ಅಂದಾಜಿನ ಮ್ಯಾಲ ಅಂದೆ ರೀ! ಒಂದು ಅಂದಾಜು ಮಾಡಬಾರದೇನು ಮನಶ್ಯಾ?

ಏನರೆ ಅನ್ರಿ ಮೋದಿನಸಾಬ್ರ. ಬೈರಿ. ಮಾರಿಗೆ ಉಗುಳ್ರಿ. ಕೈ ಮುಗೀತೀನಿ.

ಬರ್ಲಿ ಅಂತ ಮಾಡಿದ್ದು ರೀ. ಅಷ್ಟ. ಸೆಕಿ ತಾಳಲಾರದ ಎದ್ದು ಬರ್ತಾಳ, ಹಿರೇಮಗನ ಮನಿ ತಂಪೈತಿ ಅಂತಾಳ… ಅಂಗಡಿಂದ ಊಟಕ್ಕ ಬಂದಕೂಡ್ಲೆ ಆ ಬಟನ್ ಇಳಿಸಿ, ಕೂಲರ್ ಹಚ್ಚಿ, ಬಾಗಲಾ ತಗದಿಟ್ಟು ಕುಂದರ್ತಿದ್ದೆ. ಒಂದಿನಾ ಬರ್ಲಿಲ್ಲ ನೋಡ್ರಿ! ಎಂಥಾ ಹಟಮಾರಿ ಮುದುಕಿ, ಎಂಥಾ ಕಲ್ಲು ಎದಿ! ಬಿದ್ಲು, ಸಲೈನ್ ಹಚ್ಚಿಸ್ಕೊಂಡ್ಲು, ಬರ್ಲಿಲ್ಲ. ಅವ್ವನಾಣಿ, ದವಾಖಾನಿಗೆ ಹೋದ ದಿನದಿಂದ ನಾ ಅದನ್ನ ಮುಟ್ಟಿಲ್ಲ. … ನಿನ್ನಿ ಒಂದು ಮುಟ್ಟೀನಿ.

ಬಸ್ಯಾಗ ಹೇಳ್ತೀರೇನು? ಹೇಳ್ರಿ, ಹೋಗಿ ಹೇಳ್ರಿ! ಊರಾಗ ಡಂಗುರಾ ಸಾರ್ರಿ! … ತಡೀರಿ. ಸುಮ್ನಿರ್ರಿ ಒಂದೀಟು.

ಅವ್ವ. ಎದ್ದಾಳ.

ಗ್ವಾಡಿ ಬಾಜೂಕ ಬಂದಾಳ, ಕೇಳ್ರಿ… ನಿಮಗೂ ಕೇಳಸಾಕತ್ತೈತಿಲ್ಲ? 'ಗುರಸಂಗಾ' ಅಂತಾಳ. ಬಸ್ಯಾಗಲ್ಲ ರೀ, ನನಗ ಕರೀತಾಳ. 'ಗುರಸಂಗಾ, ಊಟಕ್ಕ ಬಂದ್ಯೇನೋ ಯಪ್ಪಾ?'

ಫ್ಯಾನ್ ನಿಂತ್ರ ನಾ ಮನಿಗೆ ಬಂದೆ ಅಂತ ಗೊತ್ತೈತಿ ಅಕಿಗೆ. ದಿನಾ ಗೊತ್ತಿತ್ತು. ದಿನಾ ಕೇಳ್ತಿದ್ಲೋ ಏನೋ ಹಿಂಗ… ಈ ಕೂಲರಿನ ಸದ್ದಿನಾಗ ನನಗ ಎಲ್ಲಿ ಕೇಳಸಬೇಕು!

ಮತ್ತ ಕೇಳಾಕತ್ತಾಳ. ನಾ ಏನ್ ಅನ್ಲಿ ರೀ ಅಕಿಗೆ? ಹೇಳ್ರೀ, ಏನ್ ಅನ್ಲಿ?