ಮೂರನೇ ಹಂತದ ಸೇತುವೆ

ಅದೊಂದನ್ನ ಬಿಟ್ಟು ಬೇರೆ ಯಾವುದಾದ್ರೂ ತಗೊಳ್ಳಿ ಮೇಡಂ. ವ್ಯಾಪಾರಿಯಾಗಿ ಹೇಳ್ತಿಲ್ಲ, ನಿಮ್ಮ ಒಳ್ಳೇದಕ್ಕೆ ಹೇಳ್ತಿದ್ದೀನಿ... ಯಾಕೆ ನಗ್ತೀರಿ? ವ್ಯಾಪಾರಿಗಳೆಲ್ಲ ಹೀಗೇ ಅಂತಾರೆ, ಅಂತಾನಾ? ಸರಿ, ಅದೂ ನಿಜವೇ. ಆದರೆ ತನ್ನ ಸರಕಿನ ಮೇಲೆ ತಾನೇ ದೂರು ಬರೆದು ಅಂಟಿಸೋ ವ್ಯಾಪಾರಿಯನ್ನ ಎಲ್ಲಾದ್ರೂ ಕಂಡಿದ್ದೀರಾ? ಆ ಗೋಡೆ ಪೂರ್ತಿ ಹಳೇ ಕಂಪ್ಯೂಟರ್ ಆಟಗಳು, ನಾನೂರು ಚಿಲ್ಲರೆ ಡಬ್ಬಿ. ಒಂದೊಂದರ ಬೆನ್ನಿಗೂ ಒಂದು ಹಳದಿ ಚೀಟಿ. ಆಟದಲ್ಲಿ ಏನು ಹುಳುಕಿದೆಯೋ ಅಷ್ಟೂ ಚೀಟಿಯಲ್ಲಿ.

ಇದು ವಿಮಾನದ್ದು, ಓದಿ. "ಏರಲು ನಲವತ್ತು ಪುಟದ ಪುಸ್ತಕ ಓದಬೇಕು. ಬೀಳಲು ಏನೂ ಬೇಡ." ಹ್ಹ ಹ್ಹ... ಇದು ಕೋಟೆಯದ್ದು. "ಕಾವಲುಗಾರ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತಾನೆ. ಆಮೇಲೆ ಅವನನ್ನು ಕೊಲ್ಲಲೂ ಆಗದು, ಬಿಡಿಸಲೂ ಆಗದು." ಈ ರಾಜ್ಯ ಕಟ್ಟೋ ಆಟದಲ್ಲಿ ಆಡಿದಷ್ಟನ್ನ ಉಳಿಸಿಕೊಳ್ಳೋ ಏರ್ಪಾಡೇ ಇಲ್ಲ, ಕರೆಂಟ್ ಹೋದ್ರೆ ರಾಜ್ಯ ಹೋಯ್ತು! ಜನ ಓದಿ ನಗ್ತಾರೆ, ನಕ್ಕವರು ಕೊಳ್ತಾರೆ. ಹುಳುಕು ಮೊದಲೇ ಹೇಳಿ ಮಾರಿದ ಮೇಲೆ ವಾಪಸ್ ತಂದು ಜಗಳ ಆಡೋಕೆ ಯಾರಿಗೂ ಬಾಯಿಲ್ಲ ನೋಡಿ.

ಹೊರಗಡೆ ಬೋರ್ಡು ಓದಿದ್ರಲ್ಲ? "ಕೊನೆಯವರೆಗೆ ಆಡಿ ನೋಡಿದ್ದು." ಒಂದು ಕಾಲದಲ್ಲಿ ಅದು ನನ್ನ ಅಂಕಣದ ಹೆಸರು. ಮಾಸಪತ್ರಿಕೆಯಲ್ಲಿ ಆಟಗಳ ವಿಮರ್ಶೆ ಬರೀತಿದ್ದೆ, ಹನ್ನೊಂದು ವರ್ಷ. ಪತ್ರಿಕೆ ಮುಚ್ಚಿತು, ಹೆಸರು ಉಳೀತು, ಆ ಹೆಸರಿನ ಮೇಲೇ ಈ ಅಂಗಡಿ ನಿಂತಿದೆ. ಚೀಟಿ ಬರೆಯೋದು ಮಾತ್ರ ನಮ್ಮನೆಯವರು. ನನ್ನ ಅಕ್ಷರ ಕೋಳಿ ಕೆದಕಿದ ಹಾಗೆ. ಆದ್ರೆ ಅವಳದು ಒಂದು ಕಟ್ಟಳೆ. ಪೆನ್ನಿನ ಮುಚ್ಚಳ ತೆಗೆಯೋಕೆ ಮುಂಚೆ ಕೇಳ್ತಾಳೆ, "ಮುಗಿಸಿದ್ರಾ?" ಹೌದು ಅಂದ್ರೆ ಬರೀತಾಳೆ. ಇಲ್ಲಾಂದ್ರೆ ಆ ಡಬ್ಬಿ ಅಂಗಡಿಗೇ ಬರೋದಿಲ್ಲ.

ಈಗ ನಿಮ್ಮ ಕೈಯಲ್ಲಿರೋದು. ದೀಪ ಹಿಡ್ಕೊಂಡು ಒಂದು ಹುಡುಗಿ ಮನೆ ಹುಡುಕ್ತಾ ಹೋಗೋ ಆಟ. ಚೀಟಿ ಓದಿ... ನಾನೇ ಓದಲಾ? "ಮೂರನೇ ಹಂತದ ಸೇತುವೆ ದಾಟಲು ಆಗುವುದಿಲ್ಲ. ಆಚೆ ಆಟವೇ ಇಲ್ಲ. ಮಾಡಿದವರು ಅರ್ಧಕ್ಕೆ ಕೈಬಿಟ್ಟು ಡಬ್ಬಿಗೆ ತುಂಬಿದ್ದಾರೆ." ಅಂಕಣದಲ್ಲೂ ಇದನ್ನೇ ಬರೆದಿದ್ದೆ. ಓದಿ ಇಡೀ ಊರೇ ನಕ್ಕಿತ್ತು. ಅದಾದ ಮೇಲೆ ಯಾವ ಅಂಗಡಿಯವನೂ ಈ ಡಬ್ಬಿಯನ್ನ ಮೂಸಿ ನೋಡ್ಲಿಲ್ಲ.

ಆಡಿ ನೋಡ್ಬೇಕಾ? ಆಡಿ, ಕಾಸಿಲ್ಲ. ಕೂತ್ಕೊಳ್ಳಿ. ಕೀಬೋರ್ಡಿನಲ್ಲಿ ಅಕ್ಷರ ಸವೆದಿದೆ, ಬಾಣದ ಗುಂಡಿಗಳು ಗಟ್ಟಿಯಿವೆ... ಹಾಂ, ಶುರುವಾಯ್ತು. ನಡಿಗೆ ನೋಡಿ ಹುಡುಗಿದು, ಕಾದ ನೆಲದ ಮೇಲೆ ಕಾಲಿಟ್ಟವಳ ಹಾಗೆ. ಬಣ್ಣ ನಾಲ್ಕೇ. ಮರವೂ ಹಸಿರು, ನಾಯಿಯೂ ಹಸಿರು! ಎರಡನೇ ಹಂತದ ಬೀಗದ ಕೈ ಇನ್ನೂ ಚೆನ್ನ, ಅದನ್ನ ಎಲ್ಲಿ ಬಚ್ಚಿಟ್ಟಿದ್ದಾರೆ ಅಂದ್ರೆ... ಅರೆ. ಸಿಕ್ಕೇಬಿಡ್ತಾ? ಹಸಿರು ನಾಯಿಯ ಹೊಟ್ಟೆ ಕೆಳಗಿದೆ ಅಂತ ಹೇಗೆ ಗೊತ್ತಾಯ್ತು ನಿಮಗೆ? ಅದೃಷ್ಟವಂತರು ನೀವು.

ಬಂತು ನೋಡಿ ನಮ್ಮ ಸೇತುವೆ. ಆರು ಹಲಗೆ ಇದೆ, ಏಳನೇದು ಇಲ್ಲ. ಹಾರಿದ್ರೆ ಬೀಳ್ತೀರಿ, ಓಡಿ ಬಂದು ಹಾರಿದ್ರೆ ಇನ್ನಷ್ಟು ಜೋರಾಗಿ ಬೀಳ್ತೀರಿ. ಹತ್ತು ದಿನ ಆಡಿದ್ದೀನಿ ಮೇಡಂ, ಒತ್ತದ ಗುಂಡಿ ಇಲ್ಲ. ನೀವೇನಾದ್ರೂ ದಾಟಿದ್ರೆ, ಕೇಳಿ, ಹೊರಗಿನ ಬೋರ್ಡು ಕಳಚಿ ನಿಮ್ಮ ಕೈಗೇ ಕೊಡ್ತೀನಿ. ಏನೇ, ಕೇಳಿಸ್ತಾ ಒಳಗೆ? ಸ್ಟೂಲು ತಯಾರಾಗಿಡು, ಮೇಡಂ ಸೇತುವೆ ದಾಟ್ತಾರಂತೆ!

...ಯಾಕೆ ಕೈ ತೆಗೆದ್ರಿ? ಒತ್ತಿ. ಆರನೇ ಹಲಗೆ ಮೇಲೆ ನಿಲ್ಲಿಸಿ ಕೈ ಮಡಿಲಲ್ಲಿಟ್ಟುಕೊಂಡು ಕೂತ್ರೆ ಹೇಗೆ? ಏನಾದ್ರೂ ಒತ್ತಿ ಮೇಡಂ. ನೋಡಿ, ದೀಪ ಸಣ್ಣಗಾಯ್ತು... ಇನ್ನೂ ಸಣ್ಣಗಾಯ್ತು... ಆರಿಹೋಯ್ತು. ಮುಗೀತು, ಪರದೆ ಕಪ್ಪು. ಇದನ್ನೇ ನಾನು ಅಂದಿದ್ದು, ಆಚೆ ಏನೂ...

ಏನದು, ಬೆಳಕು?

ಆಚೆ ದಡದಿಂದ ಯಾರೋ ಬರ್ತಿದ್ದಾರೆ. ಹೆಂಗಸು. ಹೆಗಲ ಮೇಲೆ ಹಲಗೆ ಹೊತ್ಕೊಂಡು... ಇಡ್ತಿದ್ದಾಳೆ. ಏಳನೇ ಹಲಗೆ. ಹುಡುಗಿ ದಾಟಿದ್ಲು ಮೇಡಂ, ದಾಟೇಬಿಟ್ಲು! ಭಲೇ! ನಿಮ್ಮಂಥವರನ್ನ ನೋಡ್ಲಿಲ್ಲ ನಾನು. ಇಪ್ಪತ್ತು ಎಣಿಸೋವರೆಗೆ ಕೈ ಬಿಟ್ಟು ನಿಲ್ಲಬೇಕು ಅಂತ ಆ ಕಾಗದದಲ್ಲಿ ಬಿಟ್ರೆ ಇನ್ನೆಲ್ಲೂ...

ಪರದೆ ನೋಡಿ ಮೇಡಂ. ನನ್ನ ಮುಖದಲ್ಲೇನಿದೆ?

ಯಾವ ಕಾಗದ ಅಂತ ಕೇಳಬಹುದು ನೀವು. ಯಾರಾದ್ರೂ ಕೇಳ್ತಾರೆ. ಕೇಳಿ... ಕೇಳೋದಿಲ್ಲ ನೀವು. ಬರೆದವರೇ ಯಾಕೆ ಕೇಳ್ತಾರೆ?

ನೀಲಿ ಶಾಯಿ. ಒಂದೂವರೆ ಪುಟ. ಅಂಕಣ ಬಂದ ಮರುತಿಂಗಳೇ ಬಂತು. ಬೈದು ಬರೆದಿದ್ರೆ ಖುಷಿಯಾಗಿ ಅಚ್ಚು ಹಾಕಿಸ್ತಿದ್ದೆ. ನೀವು ಬೈದಿರ್ಲಿಲ್ಲ. "ಅವಸರ ಮಾಡಬೇಡಿ, ಒಮ್ಮೆ ಇಪ್ಪತ್ತು ಎಣಿಸುವವರೆಗೆ ಸುಮ್ಮನೆ ನಿಂತು ನೋಡಿ, ಅವಳನ್ನು ಕರೆದೊಯ್ಯಲು ತಾಯಿ ಬರುತ್ತಾಳೆ" ಅಂತ ಬರೆದಿದ್ರಿ. ಹತ್ತು ದಿನ ಅಂದೆನಲ್ಲ, ಸುಳ್ಳು. ಒಂದು ಮಧ್ಯಾಹ್ನ ಆಡಿದ್ದು, ಅದೂ ಊಟದ ಹೊತ್ತಿನವರೆಗೆ. ಕಾಗದ ಬಂದ ಮೇಲೂ ಕೂತು ನೋಡ್ಲಿಲ್ಲ. ನೋಡಿ, ಅದು ನಿಜವಾಗಿಬಿಟ್ರೆ ಅಂಕಣದ ಹೆಸರೇ ಕಿತ್ತು ಹಾಕ್ಬೇಕಿತ್ತು. ಯಾರೋ ಒಬ್ಬರ ಒಂದು ಆಟ, ಹೋದ್ರೆ ಹೋಗ್ಲಿ ಅಂದ್ಕೊಂಡೆ. ಆಮೇಲೆ ಅಂಗಡಿ ಹಾಕ್ದಾಗ, ನಮ್ಮನೆಯವಳು ಈ ಡಬ್ಬಿ ಹಿಡಿದು ಕೇಳಿದಾಗ, ಹೌದು ಅಂದೆ. ಎಷ್ಟು ಸಲೀಸಾಗಿ ಅಂದೆ ಅಂತೀರಿ.

ಇದಾದ ಮೇಲೆ... ಇನ್ನೊಂದು ಆಟ ಮಾಡಿದ್ರಾ ನೀವು?

ಒಂದೂ ಇಲ್ವಾ.

ತಂದ್ಯೇನೇ ಸ್ಟೂಲು? ಅಲ್ಲ, ತಮಾಷೆಗೆ ಅಂದಿದ್ದಲ್ಲ, ಬಾಗಿಲ ಹತ್ತಿರ ಇಡು. ಬೋರ್ಡು ನಾನೇ ಇಳಿಸ್ತೀನಿ. ಈ ಡಬ್ಬಿಯ ಚೀಟಿನೂ ಕಿತ್ತುಬಿಡು... ಹೊಸದು ಬರೀಬೇಕಾ? ಪೆನ್ನು ತಂದೇಬಿಟ್ಟಿದ್ದಾಳೆ ನೋಡಿ. ಮುಚ್ಚಳದ ಮೇಲೆ ಕೈ ಇಟ್ಕೊಂಡು ನಿಂತಿದ್ದಾಳೆ, ಇನ್ನು ಅದೇ ಪ್ರಶ್ನೆ ಕೇಳ್ತಾಳೆ.

ಇಲ್ಲ ಕಣೇ. ಮುಗಿಸಿಲ್ಲ.

ಮೇಡಂ, ಸ್ವಲ್ಪ ಜರುಗ್ತೀರಾ? ಮೊದಲಿನಿಂದ ಶುರು ಮಾಡ್ತೀನಿ. ಸೇತುವೆ ಬಂದಾಗ ನನ್ನ ಕೈ ಹಿಡಿದು ಕೂರಿಸಿ. ಬಾಯಿ... ಬಾಯಿ ನಾನೇ ಮುಚ್ಕೊಳ್ತೀನಿ.